ತಾಲ್ಲೂಕು ಕಚೇರಿಯ ಹೃದಯಕ್ಕೆ ಯಾರು ಹೊಣೆ?

ಕಲಬುರಗಿ ಕಡೆಯ ಸರ್ಕಾರಿ ನೌಕರರು ಪ್ರತಿ ಬೇಸಿಗೆಯಲ್ಲೂ ಒಂದು ಆದೇಶಕ್ಕಾಗಿ ಕಾಯುತ್ತಾರೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಆದೇಶ ಅದು. ಬಿಸಿಲು ನಲವತ್ತು ಡಿಗ್ರಿ ದಾಟುವ ಈ ನೆಲದಲ್ಲಿ ಅದು ತೀರಾ ಅಗತ್ಯವಾದ ಕ್ರಮ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಆದೇಶವನ್ನು ಓದುವಾಗಲೆಲ್ಲ ನನಗೆ ಅನ್ನಿಸುವುದಿಷ್ಟು: ನೌಕರನಿಗೆ ಒಂದು ದೇಹವೂ ಇದೆ ಎಂಬುದು ಆಡಳಿತಕ್ಕೆ ನೆನಪಾಗುವುದು ವರ್ಷದಲ್ಲಿ ಈ ಎರಡು ತಿಂಗಳು ಮಾತ್ರ. ಉಳಿದ ಹತ್ತು ತಿಂಗಳು ಆ ದೇಹ ಕುರ್ಚಿಗೆ ಅಂಟಿಕೊಂಡಿರುತ್ತದೆ, ಹೊಟ್ಟೆ ಬೆಳೆಸಿಕೊಳ್ಳುತ್ತದೆ, ರಕ್ತದೊತ್ತಡ ಏರಿಸಿಕೊಳ್ಳುತ್ತದೆ. ಕೊನೆಗೊಂದು ದಿನ ಕಡತಗಳ ನಡುವೆಯೋ, ಮನೆಗೆ ಮರಳುವ ಬಸ್ಸಿನಲ್ಲೋ ಕುಸಿಯುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳ ಕಚೇರಿಗಳಲ್ಲಿ ನಾನು ನೌಕರಿಯ ನಿಮಿತ್ತ ವರ್ಷಗಟ್ಟಲೆ ಓಡಾಡಿದವನು. ಅಲ್ಲಿ ಹೃದಯಾಘಾತಕ್ಕೆ ಒಂದು ಖಾಯಂ ವಿಧಿವಿಧಾನ ಏರ್ಪಟ್ಟಿದೆ. ಮೊದಲು ಎರಡು ನಿಮಿಷ ಮೌನ. ಬಳಿಕ ನೌಕರರ ಸಂಘದವರು ಎತ್ತುವ ವಂತಿಗೆ. ಆಮೇಲೆ ಗ್ರ್ಯಾಚುಯಿಟಿ, ಕುಟುಂಬ ಪಿಂಚಣಿಯ ಕಾಗದಪತ್ರ. ಕೊನೆಯಲ್ಲಿ ಅನುಕಂಪದ ಆಧಾರದ ಮೇಲೆ ಮಗನಿಗೋ ಮಗಳಿಗೋ ನೌಕರಿ ಕೊಡುವ ಕಡತ. ಸೇವೆಯಲ್ಲಿದ್ದಾಗಲೇ ಹೃದಯ ನಿಂತುಹೋದವನ ಬಗ್ಗೆ ಸರ್ಕಾರಿ ದಫ್ತರಿನಲ್ಲಿ ಉಳಿಯುವ ದಾಖಲೆ ಅಷ್ಟೇ. ಇಪ್ಪತ್ತೈದರ ಆ ಹುಡುಗ ತಂದೆಯ ಕಚೇರಿಯಂಥದೇ ಕಚೇರಿಯಲ್ಲಿ, ಅಂಥದೇ ಕುರ್ಚಿಯಲ್ಲಿ ಕೂರುತ್ತಾನೆ. ತಂದೆ ಐವತ್ತರೊಳಗೆ ಹೃದಯಾಘಾತದಿಂದ ಸತ್ತಿದ್ದರೆ ಮಗನಿಗೂ ಅಪಾಯ ಹೆಚ್ಚು ಎಂಬುದು ವೈದ್ಯರೆಲ್ಲರೂ ಬಲ್ಲ ಮಾತು. ನೇಮಕಾತಿಯ ಕಡತಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಪೊಲೀಸ್ ಪರಿಶೀಲನೆ ಬೇಕು. ಆ ಹುಡುಗನ ಕೊಲೆಸ್ಟರಾಲ್ ಎಷ್ಟಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

2025ರ ಬೇಸಿಗೆಯಲ್ಲಿ ಹಾಸನ ಜಿಲ್ಲೆಯಲ್ಲಿ ಸಾಲುಸಾಲಾಗಿ ಹೃದಯಾಘಾತದ ಸಾವುಗಳು ವರದಿಯಾದಾಗ ಇಡೀ ರಾಜ್ಯ ಬೆಚ್ಚಿತ್ತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಜನ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಕೋವಿಡ್ ಲಸಿಕೆಯೇ ಕಾರಣವೆಂಬ ಗುಲ್ಲಿಗೆ ಆಧಾರವಿಲ್ಲ, ಮಧುಮೇಹ, ರಕ್ತದೊತ್ತಡ, ಕೊಬ್ಬು, ಧೂಮಪಾನಗಳೇ ಮುಖ್ಯ ಕಾರಣ ಎಂದು ಸಮಿತಿ ಹೇಳಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸರ್ಕಾರ ಪ್ರಕಟಿಸಿತು. ನಮ್ಮ ಐದು ಊರುಗಳಲ್ಲಿ ಅಂಥ ಗಾಬರಿ ಏಳಲಿಲ್ಲ. ಏಳದಿರುವುದಕ್ಕೆ ಇಲ್ಲಿನ ಹೃದಯಗಳು ಗಟ್ಟಿಯಾಗಿವೆ ಎಂಬುದು ಕಾರಣವಲ್ಲ. ಇಲ್ಲಿ ಎಣಿಸುವವರು ಇರಲಿಲ್ಲ, ಅಷ್ಟೇ.

ಈ ಊರುಗಳ ಬದುಕು ಕಲ್ಲಿನ ಮೇಲೆ ನಿಂತದ್ದು. ನಾಡಿನ ಎಷ್ಟೋ ಮನೆಗಳ ನೆಲದಲ್ಲಿ ಶಹಾಬಾದ್ ಕಲ್ಲಿದೆ. ನಾಡಿನ ಎಷ್ಟೋ ಮನೆಗಳ ಗೋಡೆಯಲ್ಲಿ ವಾಡಿ, ಸೇಡಂಗಳ ಸಿಮೆಂಟಿದೆ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡಕ್ಕೆ ಈಗ ದೂರದಿಂದಲೇ ಗುರುತು ಕೊಡುವುದು ಕೋಟೆಯಲ್ಲ, ಕಾರ್ಖಾನೆಯ ಚಿಮಣಿ. ಒಂದು ತಲೆಮಾರಿನ ಹಿಂದೆ ಇಲ್ಲಿನ ಗಂಡಸು ಗಣಿಯಲ್ಲಿ ಕಲ್ಲು ಸೀಳುತ್ತಿದ್ದ, ತೊಗರಿ ಹೊಲದಲ್ಲಿ ರಾಶಿ ಮಾಡುತ್ತಿದ್ದ, ಗೂಡ್ಸ್ ಬಂಡಿಗೆ ಚೀಲ ಹೊರುತ್ತಿದ್ದ. ಅವನನ್ನು ಕೊಲ್ಲುತ್ತಿದ್ದುದು ಕಲ್ಲಿನ ದೂಳು, ಕ್ಷಯ, ಅಪಘಾತ. ಅವನ ಮಗ ಓದಿದ. ಬ್ಯಾಂಕಿನ ಗುಮಾಸ್ತನಾದ, ಶಾಲಾ ಶಿಕ್ಷಕನಾದ, ತಹಶೀಲ್ದಾರ ಕಚೇರಿಯ ದ್ವಿತೀಯ ದರ್ಜೆ ಸಹಾಯಕನಾದ, ಸಿಮೆಂಟ್ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕಂಪ್ಯೂಟರಿನ ಮುಂದೆ ಕುಳಿತ. ಮೈಮುರಿಯುವ ದುಡಿಮೆಯಿಂದ ಮನೆತನವನ್ನು ಬಿಡಿಸಿದ್ದು ಅವನ ಹೆಮ್ಮೆ. ಅದು ನ್ಯಾಯವಾದ ಹೆಮ್ಮೆಯೇ. ಆದರೆ ಕುರ್ಚಿಗೆ ಬಂದ ಆ ದೇಹ ಎಂಥದು ಎಂಬುದನ್ನು ನಾವು ವಿಚಾರಿಸಿಲ್ಲ.

ಇಲ್ಲಿ ನಮ್ಮದೇ ರಾಜ್ಯದ ಒಂದು ಅಧ್ಯಯನವನ್ನು ನೆನೆಯಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಮೈಸೂರಿಗರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಜತನದಿಂದ ಬರೆದಿಟ್ಟಿತ್ತು. ಆ ದಪ್ಪ ಪುಸ್ತಕಗಳನ್ನು ಹಿಡಿದು ಸಂಶೋಧಕರು 1934ರಿಂದ 1954ರ ನಡುವೆ ಹುಟ್ಟಿ ಮೈಸೂರಿನ ಸುತ್ತಲೇ ಉಳಿದಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಅವರ ಹೃದಯ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಲವತ್ತೈದು ದಾಟಿದವರಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದವರ ಪೈಕಿ ಶೇ 11ರಷ್ಟು ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ಮೀರಿ ತೂಗಿದ್ದವರಲ್ಲಿ ಅದು ಶೇ 3ರಷ್ಟು ಮಾತ್ರ. ಗರ್ಭದಲ್ಲಿ ಹಸಿವನ್ನು ಕಂಡ ದೇಹ ಉಳಿತಾಯಕ್ಕೆ ಹೊಂದಿಕೊಳ್ಳುತ್ತದೆ, ಮುಂದೆ ಸಮೃದ್ಧಿ ಬಂದಾಗ ಅದನ್ನು ತಾಳಿಕೊಳ್ಳಲಾರದು ಎಂಬುದು ವಿಜ್ಞಾನಿಗಳು ಇದಕ್ಕೆ ಕೊಡುವ ವಿವರಣೆ.

ಈ ಮಾತನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಿ. ಎಪ್ಪತ್ತರ ದಶಕದ ಆರಂಭದ ಆ ಬರವನ್ನು ಇಲ್ಲಿನ ಹಿರಿಯರು ಇಂದಿಗೂ ಮರೆತಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದವೇ. ಬರಗಾಲದಲ್ಲಿ, ಅರೆಹೊಟ್ಟೆಯ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದ ಆ ಕೂಸುಗಳು ಈಗ ಐವತ್ತು ದಾಟಿದ ನೌಕರರು. ಕಚೇರಿಗಳಲ್ಲಿ ವ್ಯವಸ್ಥಾಪಕರು, ಶಿರಸ್ತೇದಾರರು, ಮುಖ್ಯೋಪಾಧ್ಯಾಯರು ಅವರೇ. ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿಡಬೇಕು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿ ಕೆನಡಾಕ್ಕೆ ಹೋಗಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರು 52 ದೇಶಗಳಲ್ಲಿ ನಡೆಸಿದ 'ಇಂಟರ್‌ಹಾರ್ಟ್' ಅಧ್ಯಯನದ ಮಾಹಿತಿಯನ್ನು 2007ರಲ್ಲಿ ವಿಶ್ಲೇಷಿಸಿದಾಗ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53 ಎಂದು ಕಂಡಿತು. ಉಳಿದ ದೇಶಗಳವರಿಗೆ ಅದು ಸುಮಾರು 59. ನಮ್ಮಲ್ಲಿ ನಿವೃತ್ತಿಯ ವಯಸ್ಸು 60.

ವೈದ್ಯರು 'ಮೆಟಬಾಲಿಕ್ ಸಿಂಡ್ರೋಮ್' ಎಂದು ಕರೆಯುವ ಕಾಯಿಲೆಗಳ ಗುಂಪನ್ನು ಗುರುತಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ. ಐದು ಸಂಗತಿ ನೋಡಬೇಕು: ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಮೀರಿದೆಯೇ; ರಕ್ತದೊತ್ತಡ 130/85ಕ್ಕೆ ಏರಿದೆಯೇ; ಬರಿಹೊಟ್ಟೆಯ ಸಕ್ಕರೆ 100 ಮುಟ್ಟಿದೆಯೇ; ಟ್ರೈಗ್ಲಿಸರೈಡ್ 150 ದಾಟಿದೆಯೇ; ಒಳ್ಳೆಯ ಕೊಲೆಸ್ಟರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಇಳಿದಿದೆಯೇ. ಇವುಗಳಲ್ಲಿ ಮೂರಕ್ಕೆ ಹೌದು ಎಂದಾದರೆ ಎಚ್ಚರವಾಗಬೇಕು. ಮೊದಲನೆಯದಕ್ಕೆ ದರ್ಜಿಯ ಟೇಪು ಸಾಕು. ತೆಳ್ಳಗಿನ ಕೈಕಾಲು, ಮುಂದೆ ಚಾಚಿದ ಹೊಟ್ಟೆ ಇದು ನಮ್ಮ ಕಚೇರಿಗಳ ಸಾಮಾನ್ಯ ಚಿತ್ರ. ಅದನ್ನು ನಾವು ಇನ್ನೂ ಸುಖದ ಗುರುತೆಂದೇ ಭಾವಿಸಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟಿಸಿದಂತೆ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಮಧುಮೇಹ, ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ, ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು ಇದೆ.

ಇದಕ್ಕೆಲ್ಲ ನೌಕರನ ನಾಲಿಗೆಯ ಚಪಲವೇ ಕಾರಣ ಎಂದು ಉಪದೇಶಿಸುವುದು ಸುಲಭ. ಆದರೆ ಅವನ ದಿನಚರಿಯನ್ನು ನೋಡಿ. ಮಕ್ಕಳ ಓದಿಗಾಗಿ ಕಲಬುರಗಿಯಲ್ಲಿ ಮನೆ ಮಾಡಿ ತಾಲ್ಲೂಕಿಗೆ ದಿನವೂ 'ಅಪ್-ಡೌನ್' ಮಾಡುವವರ ಸಂಖ್ಯೆ ದೊಡ್ಡದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಸ್ಸು ಹಿಡಿಯಬೇಕು. ಇಳಿದ ಮೇಲೆ ನಿಲ್ದಾಣದ ಪಕ್ಕದಲ್ಲಿ ಸುಸಲಾ, ಮಿರ್ಚಿ. ಕರಿದ ಎಣ್ಣೆಯಲ್ಲೇ ಮತ್ತೆ ಕರಿದದ್ದು. ಬಂದವರಿಗೆಲ್ಲ ಚಹಾ ತರಿಸುವುದು ಈ ಕಡೆಯ ಮರ್ಯಾದೆ. ಅವರೊಂದಿಗೆ ತಾನೂ ಕುಡಿದಾಗ ಸಂಜೆಯ ಹೊತ್ತಿಗೆ ಏಳೆಂಟು ಲೋಟ, ಪ್ರತಿ ಲೋಟದಲ್ಲೂ ಧಾರಾಳ ಸಕ್ಕರೆ. ನಡುನಡುವೆ ಗುಟ್ಕಾ, ಸಿಗರೇಟು. ರಾತ್ರಿ ಒಂಬತ್ತಕ್ಕೆ ಮನೆ, ಹತ್ತಕ್ಕೆ ಊಟ, ಊಟದೊಡನೆ ನಿದ್ದೆ. ಜೋಳದ ರೊಟ್ಟಿ ತಿನ್ನುವ ನಮಗೆ ಏನೂ ಆಗದು ಎಂದು ಹೇಳುವವರಿದ್ದಾರೆ. ರೊಟ್ಟಿ ಒಳ್ಳೆಯದೇ, ಆದರೆ ಅದು ಹತ್ತು ಗಂಟೆ ಹೊಲದಲ್ಲಿ ಬೆವರು ಸುರಿಸಿದವನ ಊಟ. ಕೂತವನ ಹೊಟ್ಟೆಗೆ ನಾಲ್ಕು ರೊಟ್ಟಿಯ ಮೇಲೆ ಒಂದು ರಾಶಿ ಅನ್ನವೂ ಬಿದ್ದರೆ ಜೋಳ ಯಾರನ್ನೂ ಕಾಪಾಡದು.

ಮಹಿಳಾ ನೌಕರರ ಪಾಡು ಇನ್ನೂ ಬೇರೆ. ನಸುಕಿನಲ್ಲೆದ್ದು ಅಡುಗೆ ಮುಗಿಸಿ ಬಸ್ಸು ಹಿಡಿಯುವ ಶಿಕ್ಷಕಿಯ ದಣಿವನ್ನು, ಬೆನ್ನುನೋವನ್ನು, ಏದುಸಿರನ್ನು ಮನೆಯವರೂ ವೈದ್ಯರೂ 'ವಯಸ್ಸಾಯಿತು' ಎಂದು ತಳ್ಳಿಹಾಕುತ್ತಾರೆ. ಹೆಂಗಸರ ಹೃದಯಾಘಾತ ಹಲವು ಸಲ ಇಂಥ ವೇಷದಲ್ಲೇ ಬರುತ್ತದೆ.

ಲಂಡನ್ನಿನ ಎರಡು ಹಳೆಯ ಅಧ್ಯಯನಗಳನ್ನು ನಮ್ಮ ಆಡಳಿತ ಸುಧಾರಣೆಯವರು ಓದಬೇಕೆಂದು ನನ್ನ ಆಸೆ. ಒಂದು, 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ ಪ್ರಕಟಿಸಿದ್ದು. ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಕೂತಿರುವ ಚಾಲಕರಿಗಿಂತ, ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಿಮೆ ಎಂಬುದು ಅದರ ಸಾರ. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 1967ರಲ್ಲಿ ಆರಂಭವಾದ 'ವೈಟ್‌ಹಾಲ್' ಅಧ್ಯಯನ ಬ್ರಿಟನ್ನಿನ ಸರ್ಕಾರಿ ನೌಕರರನ್ನೇ ಪರೀಕ್ಷಿಸಿತು. ಹೊಣೆಗಾರಿಕೆ ಹೆಚ್ಚಿರುವ ದೊಡ್ಡ ಅಧಿಕಾರಿಗಳೇ ಹೃದಯಾಘಾತಕ್ಕೆ ತುತ್ತಾಗುತ್ತಾರೆ ಎಂಬ ನಂಬಿಕೆಯನ್ನು ಅದು ತಲೆಕೆಳಗು ಮಾಡಿತು. ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಜವಾನರಲ್ಲಿ ಮೂರು ಪಟ್ಟಿಗೂ ಮಿಗಿಲಾಗಿತ್ತು. ಬೀಡಿ-ಸಿಗರೇಟು, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ತಂದರೂ ಆ ಅಂತರ ಪೂರ್ತಿ ಅಳಿಯಲಿಲ್ಲ. ಮೈಕೇಲ್ ಮಾರ್ಮಟ್ ಮತ್ತು ಅವರ ಸಂಗಡಿಗರು 1985ರಿಂದ ಮುಂದುವರಿಸಿದ ಎರಡನೇ ಅಧ್ಯಯನದಲ್ಲಿ ಒಂದು ಕಾರಣ ತಿಳಿಯಿತು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನ ಹೃದಯ ಹೆಚ್ಚು ಅಪಾಯದಲ್ಲಿರುತ್ತದೆ.

ನಮ್ಮ ತಾಲ್ಲೂಕು ಕಚೇರಿಯಲ್ಲಿ ಯಾರಿಗೆ ಆ ಹಿಡಿತವಿದೆ? ಖಾಲಿ ಹುದ್ದೆಗಳು ಕಲ್ಯಾಣ ಕರ್ನಾಟಕದ ಹಳೆಯ ರೋಗ. ಸಂವಿಧಾನದ 371(ಜೆ) ವಿಧಿ ಬಂದು ದಶಕ ಕಳೆದರೂ ಅದು ವಾಸಿಯಾಗಿಲ್ಲ. ಖಾಲಿ ಕುರ್ಚಿಯ ಕೆಲಸವನ್ನು ತುಂಬಿದ ಕುರ್ಚಿಯವನೇ ಮಾಡಬೇಕು. ಅದಕ್ಕೆ 'ಹೆಚ್ಚುವರಿ ಪ್ರಭಾರ' ಎಂದು ಹೆಸರು. ಒಬ್ಬನೇ ಗ್ರಾಮ ಆಡಳಿತಾಧಿಕಾರಿ, ಒಬ್ಬನೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಎರಡು ಮೂರು ಕಡೆಯ ಹೊಣೆ ಹೊತ್ತದ್ದನ್ನು ಕಂಡಿದ್ದೇನೆ. ಸಂಜೆ ಆರಕ್ಕೆ ಕರೆದ ವಿಡಿಯೊ ಸಂವಾದ ರಾತ್ರಿ ಒಂಬತ್ತಕ್ಕೂ ಮುಗಿಯದು. ಮೊಬೈಲಿನ ಗುಂಪಿನಲ್ಲಿ ಭಾನುವಾರವೂ ವರದಿ ಕೇಳುತ್ತಾರೆ. ಒಂದು ಮೇಜಿನಿಂದ ಇನ್ನೊಂದಕ್ಕೆ ಕಡತ ಹಿಡಿದು ನಡೆಯುತ್ತಿದ್ದ ಆ ನಾಲ್ಕು ಹೆಜ್ಜೆಯನ್ನೂ ಇ-ಆಫೀಸ್ ಕಸಿದುಕೊಂಡಿತು. ಕಾಗದ ಉಳಿಯಿತೆಂದು ನಾವು ಸಂಭ್ರಮಿಸಿದೆವು. ಸಿಮೆಂಟ್ ಕಾರ್ಖಾನೆಗಳ ಕಚೇರಿಯಲ್ಲಿ ಹವಾನಿಯಂತ್ರಣ ಇದೆ ಎಂಬುದನ್ನು ಬಿಟ್ಟರೆ ಕಥೆ ಬೇರೆಯಲ್ಲ; ಅಲ್ಲಿ ಮಾರ್ಚ್ ತಿಂಗಳ ಗುರಿ ಇರುತ್ತದೆ, ಬ್ಯಾಂಕಿನಲ್ಲಿ ವಸೂಲಿಯ ಗುರಿ.

ಇನ್ನು ಎದೆನೋವು ಬಂದೇಬಿಟ್ಟರೆ ಏನಾಗುತ್ತದೆ ಎಂದು ನೋಡೋಣ. ನಮ್ಮ ಕಡೆ ಎದೆನೋವಿಗೆ ಮೊದಲ ಹೆಸರು 'ಗ್ಯಾಸ್'. ಸೋಡಾ ತರಿಸುತ್ತಾರೆ, ಓಮ ಅಗಿಯುತ್ತಾರೆ, ಒಂದು ಗಂಟೆ ಮಲಗಿ ನೋಡುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರ ನೇತೃತ್ವದಲ್ಲಿ ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋವು ಕಾಣಿಸಿದ ಮೇಲೆ ಆಸ್ಪತ್ರೆ ತಲುಪಲು ಹಿಡಿದ ಮಧ್ಯಕ ಅವಧಿ ಆರು ಗಂಟೆ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಕ್ಕೆ ಆರು ಗಂಟೆ ತೀರಾ ದುಬಾರಿ; ಮೊದಲ ಒಂದೆರಡು ಗಂಟೆಯಲ್ಲೇ ಮಾಂಸಖಂಡದ ಅಳಿವು-ಉಳಿವು ಬಹುಪಾಲು ತೀರ್ಮಾನವಾಗಿರುತ್ತದೆ. ಅದೇ ಅಧ್ಯಯನ, ಬಡವರಿಗೆ ಚಿಕಿತ್ಸೆಯೂ ಕಡಿಮೆ ದಕ್ಕಿತು, ಸಾವೂ ಹೆಚ್ಚು ಆಯಿತು ಎಂದು ತೋರಿಸಿತು.

ಒಂದು ಕಾಲಕ್ಕೆ ಇಲ್ಲಿನ ಹೃದ್ರೋಗಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕಿತ್ತು. ಈಗ ಪರಿಸ್ಥಿತಿ ಸುಧಾರಿಸಿದೆ ಎಂದು ಒಪ್ಪಬೇಕು. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. 371(ಜೆ) ವಿಧಿಯ ನೆನಪಿಗೆ ಆ ಸಂಖ್ಯೆ. ಶಹಾಬಾದಿನವರಿಗೆ ಅದು ಮೂವತ್ತು ಕಿಲೊಮೀಟರಿನೊಳಗೆ. ಚಿಂಚೋಳಿಯವರಿಗೆ ಎಂಬತ್ತಕ್ಕೂ ಹೆಚ್ಚು, ಅದೂ ರೈಲಿಲ್ಲದ ಊರು. ಈ ಅಂತರವನ್ನು ತುಂಬಲೆಂದೇ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ಬಂದಿದೆ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ವಯಸ್ಸು 46. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ತಂತ್ರಜ್ಞಾನದ ನೆರವಿನಿಂದ ಕೂಡಲೇ ಓದಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಅದು. ನಾನು ಕಂಡ ಸರ್ಕಾರಿ ಯೋಜನೆಗಳಲ್ಲಿ ನಿಜಕ್ಕೂ ಬುದ್ಧಿವಂತಿಕೆಯದು. ಹಾಸನದ ಪ್ರಕರಣದ ನಂತರ ಅದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು.

ಆದರೆ ಇದೆಲ್ಲ ಬೆಂಕಿ ಬಿದ್ದ ಮೇಲಿನ ಮಾತು. ಬೀಳದಂತೆ ನೋಡುವ ಯೋಜನೆಗಳು ನೌಕರನನ್ನು ತಪ್ಪಿಸಿಕೊಂಡು ಓಡಾಡುತ್ತಿವೆ. 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ಹೋಗಿ ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡುತ್ತಾರೆ. ಅವರು ಹಗಲು ಮನೆಗೆ ಬಂದಾಗ ನೌಕರ ಕಚೇರಿಯಲ್ಲಿರುತ್ತಾನೆ. ತಾಲ್ಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿನಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ. ಅದರ ವೇಳೆಯೂ ಕಚೇರಿಯ ವೇಳೆಯೂ ಒಂದೇ. 2025ರಲ್ಲಿ ಜಾರಿಗೆ ಬಂದ ಆರೋಗ್ಯ ಸಂಜೀವಿನಿ ಯೋಜನೆ ಸರ್ಕಾರಿ ನೌಕರನಿಗೆ ನಗದುರಹಿತ ಚಿಕಿತ್ಸೆ ಕೊಡುತ್ತದೆ, ಸ್ವಾಗತಾರ್ಹ. ಅದು ಕೆಲಸಕ್ಕೆ ಬರುವುದು ಕಾಯಿಲೆ ಬಿದ್ದ ಮೇಲೆ. 2025ರ ನವೆಂಬರ್ 21ರಂದು ಜಾರಿಗೊಂಡ ಕಾರ್ಮಿಕ ಸಂಹಿತೆಗಳ ಪ್ರಕಾರ ನಲವತ್ತು ದಾಟಿದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು. ವಿಚಿತ್ರವೆಂದರೆ, ಕೆಲಸದ ಸ್ಥಳದ ಸುರಕ್ಷತೆಗೆ ಸಂಬಂಧಿಸಿದ ಆ ಸಂಹಿತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕಚೇರಿಗಳಿಗೇ ಅನ್ವಯಿಸುವುದಿಲ್ಲ. ಅಲ್ಲಿ ಗುತ್ತಿಗೆದಾರನ ಮೂಲಕ ದುಡಿಯುವವರಿಗೆ ಅನ್ವಯಿಸುತ್ತದೆ. ಕಾಗದದ ಮಟ್ಟಿಗೆ ಹೇಳುವುದಾದರೆ, ಸೇಡಂನ ಸಿಮೆಂಟ್ ಕಾರ್ಖಾನೆಯ ಗುಮಾಸ್ತನಿಗೆ ತಪಾಸಣೆಯ ಹಕ್ಕಿದೆ, ಅದೇ ಊರಿನ ಸರ್ಕಾರಿ ಕಚೇರಿಯ ಖಾಯಂ ಗುಮಾಸ್ತನಿಗೆ ಇಲ್ಲ. ಖಾಸಗಿಯವರಿಗೆ ಬುದ್ಧಿ ಹೇಳುವ ಪ್ರಭುತ್ವ ತನ್ನನ್ನು ಹೀಗೆ ಹೊರಗಿಟ್ಟುಕೊಂಡಿದೆ.

ಆದ್ದರಿಂದ ತಪಾಸಣೆಯೇ ಕಚೇರಿಗೆ ಬರಬೇಕು. ಪ್ರತಿ ತಾಲ್ಲೂಕು ಆಡಳಿತ ಸೌಧದಲ್ಲಿ ಒಂದು ಬಿಪಿ ಯಂತ್ರ, ಒಂದು ಸಕ್ಕರೆ ಪರೀಕ್ಷಕ, ಒಂದು ಅಳತೆ ಟೇಪು ಇಡಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಎಷ್ಟು ಕೊರತೆಯಾದೀತು? ತಿಂಗಳಿಗೊಂದು ದಿನ ಆರೋಗ್ಯ ಸಿಬ್ಬಂದಿ ಅಲ್ಲಿಗೇ ಬರಲಿ. ನೌಕರನ ಸೇವಾ ಪುಸ್ತಕದಲ್ಲಿ ಮೈಮೇಲಿನ ಮಚ್ಚೆಯ ಗುರುತಿನಿಂದ ಹಿಡಿದು ಕೊನೆಯ ವೇತನ ಬಡ್ತಿಯವರೆಗೆ ಎಲ್ಲವೂ ಇದೆ. ರಕ್ತದೊತ್ತಡಕ್ಕೆ ಒಂದು ಪ್ರತ್ಯೇಕ ಕಾರ್ಡು ಇರಲಿ, ಆದರೆ ಅದು ನೌಕರನ ಕೈಯಲ್ಲೇ ಇರಲಿ. ಮೇಲಧಿಕಾರಿಯ ಕೈಗೆ ಹೋದರೆ ವರ್ಗಾವಣೆಯ ಅಸ್ತ್ರವಾಗುವುದು ನಮ್ಮಲ್ಲಿ ಹೊಸತಲ್ಲ. ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ ವಾರಕ್ಕೆರಡು ಸಂಜೆ ತೆರೆದಿರಲಿ. ಸಂಜೆ ಆರರ ಮೇಲೆ ವಿಡಿಯೊ ಸಂವಾದ ಕರೆಯಬಾರದು ಎಂದು ಜಿಲ್ಲಾಡಳಿತ ತಾನೇ ತನಗೆ ಒಂದು ಸುತ್ತೋಲೆ ಹೊರಡಿಸಿಕೊಳ್ಳಲಿ. ಹೆಚ್ಚುವರಿ ಪ್ರಭಾರಕ್ಕೆ ಕಾಲಮಿತಿ ಇರಲಿ. ಅನುಕಂಪದ ಆಧಾರದ ಮೇಲೆ ಸೇರುವ ಪ್ರತಿ ಹುಡುಗ ಹುಡುಗಿಗೂ ಮೊದಲ ವಾರದಲ್ಲೇ ರಕ್ತ ಪರೀಕ್ಷೆಯಾಗಲಿ.

ವಾಡಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ದೊಡ್ಡ ರೈಲ್ವೆ ಜಂಕ್ಷನ್ನೂ ದೊಡ್ಡ ಸಿಮೆಂಟ್ ಕಾರ್ಖಾನೆಯೂ ಇರುವ ಊರದು. ಹಗಲುರಾತ್ರಿ ಪಾಳಿಯಲ್ಲಿ ದುಡಿಯುವವರ ಊರು. ಆದರೆ ಅದು ತಾಲ್ಲೂಕು ಕೇಂದ್ರವಲ್ಲ, ಚಿತ್ತಾಪುರ ತಾಲ್ಲೂಕಿನ ಒಂದು ಪಟ್ಟಣ. 'ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ' ಎಂಬ ಸರ್ಕಾರದ ವಾಕ್ಯದೊಳಗೆ ವಾಡಿ ಬರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಷ್ಟೇ ತಾಲ್ಲೂಕು ಎನಿಸಿಕೊಂಡ ಶಹಾಬಾದ್ ಬರುತ್ತದೆಯೋ ಇಲ್ಲವೋ ಎಂಬುದು ಆಸ್ಪತ್ರೆಯ ದರ್ಜೆಯನ್ನು ಕಾಗದದಲ್ಲಿ ಹೇಗೆ ಬರೆದಿದ್ದಾರೆ ಎಂಬುದನ್ನು ಅವಲಂಬಿಸಿದೆ. ಜನಸಂಖ್ಯೆ ಮತ್ತು ಪಾಳಿ ಕೆಲಸವನ್ನು ನೋಡಿ 'ಹೃದಯ ಜ್ಯೋತಿ'ಯ ಕೇಂದ್ರಗಳನ್ನು ಗುರುತಿಸಬೇಕೇ ಹೊರತು ಕಂದಾಯ ನಕ್ಷೆಯನ್ನು ನೋಡಿ ಅಲ್ಲ. ಆ ಇಸಿಜಿ ಯಂತ್ರ ಎಲ್ಲಿದೆ, ರಾತ್ರಿ ಅದನ್ನು ನಡೆಸುವವರು ಇದ್ದಾರೆಯೇ, ಚುಚ್ಚುಮದ್ದು ಎಷ್ಟು ಉಳಿದಿದೆ ಎಂಬ ಮೂರು ವಿವರಗಳನ್ನು ಈ ಐದೂ ಊರುಗಳ ಸ್ಥಳೀಯ ಆಡಳಿತಗಳು ತಮ್ಮ ಸೂಚನಾ ಫಲಕದಲ್ಲಿ ಪ್ರತಿ ತಿಂಗಳ ಮೊದಲ ದಿನ ಬರೆದು ಹಾಕಬೇಕು. ಪಡಿತರದ ಅಂಗಡಿಯಲ್ಲಿ ಅಕ್ಕಿಯ ದಾಸ್ತಾನು ಬರೆದು ಹಾಕುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ.